ಎಣ್ಣೆಕಾಳು, ಸಹಾಯಧನ ಮತ್ತು ನಮ್ಮ ಸೀಮೆ

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಸದಸ್ಯ ಬಾಂಧವರ ಮುಂದೆ ಒಂದು ಹಳೆಯ ಲೆಕ್ಕ ಬಿಚ್ಚಿಡಬೇಕೆನಿಸಿದೆ. ಸರ್ಕಾರ ಎಣ್ಣೆಕಾಳು ಬೆಳೆಯುವವರಿಗೆ ಸುಮಾರು ನಾಲ್ಕು ದಶಕಗಳಿಂದ ಸಹಾಯಧನ ಕೊಡುತ್ತ ಬಂದಿದೆ. ಆದರೂ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹೊಲಗಳಲ್ಲಿ ಸೂರ್ಯಕಾಂತಿ ಯಾಕೆ ಕಡಿಮೆಯಾಯಿತು?

ನಮ್ಮ ಹಿರಿಯರು ಎರಿ ಹೊಲದಲ್ಲಿ ಜೋಳದ ಜೊತೆ ಕುಸುಬಿ, ಅಗಸಿ ಹಾಕುತ್ತಿದ್ದರು. ಮಸಾರಿಯಲ್ಲಿ ಶೇಂಗಾ, ಎಳ್ಳು. ಎಣ್ಣೆ ಊರ ಗಾಣದ್ದೇ. ನಮ್ಮವರು ಸೂರ್ಯಪಾನ ಅನ್ನುವ ಸೂರ್ಯಕಾಂತಿ, ಎಣ್ಣೆ ಬೆಳೆಯಾಗಿ ರಷ್ಯಾದಿಂದ ದೇಶಕ್ಕೆ ಬಂದದ್ದು 1969ರಲ್ಲಿ. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬಿಎಸ್‌ಎಚ್-1 ಹೈಬ್ರಿಡ್ ತಳಿ ಬಂದ ಮೇಲೆ ಒಣಬೇಸಾಯದ ರೈತರು ಅದನ್ನು ಹಚ್ಚಿಕೊಂಡರು.

1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ತಾಂತ್ರಿಕ ಮಿಷನ್ ಆರಂಭಿಸಿತು. ಆಗ ಮಸ್ಕಿ ಇನ್ನೂ ಲಿಂಗಸುಗೂರು ತಾಲೂಕಿನಲ್ಲೇ ಇತ್ತು. ನೆರವು ರೊಕ್ಕವಾಗಿ ಬರಲಿಲ್ಲ. ಮಿನಿಕಿಟ್, ರಿಯಾಯಿತಿ ಬೀಜ, ಜಿಪ್ಸಂ, ಔಷಧ ಹೊಡೆಯುವ ಪಂಪು, ಹೀಗೆ ವಸ್ತುವಾಗಿ ಬಂತು. ಅದಕ್ಕೂ ಮುಂಚೆ, 1984ರಲ್ಲಿ, ರಾಜ್ಯದಲ್ಲಿ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳ ಹುಟ್ಟಿತ್ತು. ಹಳ್ಳಿಯ ಸಂಘದ ಮೂಲಕ ಕಾಳು ಕೊಂಡು, ಎಣ್ಣೆ ತೆಗೆದು ಮಾರುವುದು ಅದರ ಕೆಲಸ. ಒಂದು ಕೈ ಬಿತ್ತಲು, ಇನ್ನೊಂದು ಕೈ ಮಾರಲು. ದೇಶದ ಉತ್ಪನ್ನ 1985-86ರಲ್ಲಿ ಸುಮಾರು 108 ಲಕ್ಷ ಟನ್ ಇದ್ದದ್ದು 1996-97ಕ್ಕೆ 243 ಲಕ್ಷ ಟನ್ ದಾಟಿತು. ಇದನ್ನೇ ಹಳದಿ ಕ್ರಾಂತಿ ಎಂದರು.

ಮುಂದೆ ಗಾಳಿ ತಿರುಗಿತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. 1998ರಲ್ಲಿ ಆಮದು ಸುಂಕ ಶೇ. 15ಕ್ಕೆ ಇಳಿಯಿತು. 1997ರಲ್ಲಿ ರಾಜ್ಯದ ಸೂರ್ಯಕಾಂತಿಗೆ ನೆಕ್ರೋಸಿಸ್ ಎಂಬ ನಂಜುರೋಗ ತಗುಲಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಕ್ಕ ಸಿಂಧನೂರಿನ ಕಡೆ ಭತ್ತ ಗಟ್ಟಿಯಾಗಿ ನೆಲೆಯೂರಿತ್ತು. ಒಣಭೂಮಿಯವರು ತೊಗರಿ, ಹತ್ತಿಯ ಕಡೆ ವಾಲಿದರು.

ಸಹಾಯಧನ ಮಾತ್ರ ನಿಲ್ಲಲಿಲ್ಲ. 2004ರಲ್ಲಿ ಒಂದು ಹೆಸರು, 2014ರಲ್ಲಿ ಇನ್ನೊಂದು. ರೈತ ಸಂಪರ್ಕ ಕೇಂದ್ರಗಳು ಬಂದವು; ಪಹಣಿ, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ಈಗ ಎಫ್‌ಐಡಿ ಸಂಖ್ಯೆಯೂ ಬೇಕು. ಆದರೆ ಕಟ್ಟೆಯ ಮೇಲೆ ಕೇಳುವ ಮಾತು ಅದೇ: "ಬಿತ್ತೂದಕ್ಕ ಸಬ್ಸಿಡಿ ಕೊಡ್ತಾರ, ಬೆಳದದ್ದು ಕೊಳ್ಳೋರು ಯಾರ್ರೀ?"

ಈ ಪ್ರಶ್ನೆಯಲ್ಲೇ ಇತಿಹಾಸದ ಪಾಠವಿದೆ. ಬೀಜದ ರಿಯಾಯಿತಿ ಒಂದು ಹಂಗಾಮಿನ ಖರ್ಚು ಹಗುರ ಮಾಡುತ್ತದೆ. ಮುಂದಿನ ವರ್ಷವೂ ಬಿತ್ತುವ ಧೈರ್ಯ ಬರುವುದು ಮಾರಾಟದಿಂದ. ಸೂರ್ಯಕಾಂತಿಗೆ ಕೇಂದ್ರದ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲಿಗೆ 7,280 ರೂಪಾಯಿ, 2025-26ರಲ್ಲಿ 7,721 ರೂಪಾಯಿ. ಖರೀದಿ ಕೇಂದ್ರ ಸಕಾಲಕ್ಕೆ ತೆರೆಯದಿದ್ದರೆ ಇವು ಕಾಗದದ ಮೇಲಿನ ಅಂಕಿಗಳಷ್ಟೇ.

2024ರ ಅಕ್ಟೋಬರ್‌ನಲ್ಲಿ ಕೇಂದ್ರವು ಎಣ್ಣೆಕಾಳಿಗಾಗಿ 10,103 ಕೋಟಿ ರೂಪಾಯಿಯ ಹೊಸ ರಾಷ್ಟ್ರೀಯ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030-31ರವರೆಗೆ ನಡೆಯುವ ಈ ಯೋಜನೆಯಲ್ಲಿ ಆಯ್ದ ಕ್ಲಸ್ಟರ್‌ಗಳನ್ನು ನಡೆಸಲು ಸಹಕಾರ ಸಂಘಗಳಿಗೂ ಅವಕಾಶವಿದೆ. ಒಬ್ಬೊಬ್ಬರೇ ಹೋಗಿ ಚೀಲ ಬೀಜ ತಂದರೆ ಹಳೆಯ ಕಥೆಯೇ. ಬಿತ್ತುವ ಮುಂಚೆಯೇ ಸದಸ್ಯರು ಕೂಡಿ ಎಕರೆ ಲೆಕ್ಕ ಹಾಕಿ, ಗೋದಾಮು, ತೂಕ, ಖರೀದಿಯ ಮಾತು ಮುಗಿಸಿಕೊಂಡರೆ ಕಥೆ ಬೇರೆಯಾದೀತು. ಬೆಳ್ಳಿಹಬ್ಬ ಮುಗಿದ ಮೇಲೆ ಸೇರುವ ಮೊದಲ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂಬುದು ನನ್ನ ವಿನಂತಿ.