ಪಹಣಿಯಿಂದ ಪ್ರಭುತ್ವದವರೆಗೆ: ರಾಜ್ಯಶಾಸ್ತ್ರದ ಎಂ.ಎ. ಪದವಿಯಲ್ಲಿ ಸಂಪ್ರಬಂಧದ ಸ್ಥಾನ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯೊಂದಿಗೆ ಎಂ.ಫಿಲ್. ಪದವಿ ತೆರೆಮರೆಗೆ ಸರಿಯಿತು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಅದು ಎಂ.ಎ. ತರಗತಿಯ ಮೇಲೆ ಹೊರಿಸಿದ ಹೊಣೆ ಎಂಥದು ಎಂಬುದಷ್ಟೇ ಈ ಲೇಖನದ ವಿಷಯ. ಒಂದು ಪ್ರಶ್ನೆಯನ್ನು ಕಟ್ಟಿಕೊಂಡು, ಮೂಲ ದಾಖಲೆಗಳನ್ನು ಹುಡುಕಿ, ಅವುಗಳ ಬಲದ ಮೇಲೆ ವಾದ ಹೂಡಿ, ಎದುರುವಾದಕ್ಕೆ ಉತ್ತರ ಕೊಡುವ ಅಭ್ಯಾಸ ಮೊದಲು ಎಂ.ಫಿಲ್.ನಲ್ಲಿ ಆಗುತ್ತಿತ್ತು, ಅಥವಾ ಆಗಬೇಕು ಎಂಬ ನಿರೀಕ್ಷೆಯಾದರೂ ಇತ್ತು. ಈಗ ಪಿಎಚ್.ಡಿ.ಗೆ ಮುನ್ನ ಅದಕ್ಕೆ ಉಳಿದಿರುವ ಜಾಗ ಎಂ.ಎ. ಒಂದೇ. ರಾಜ್ಯಶಾಸ್ತ್ರದ ಮಟ್ಟಿಗೆ ಹೇಳುವುದಾದರೆ, ಎರಡು ವರ್ಷಗಳ ಈ ಪದವಿಯ ನಡುಗಂಬ ಸಂಪ್ರಬಂಧವಾಗಬೇಕು. ಕರ್ನಾಟಕದ ವಿದ್ಯಾರ್ಥಿ ಅದನ್ನು ಈ ನೆಲದ ದಾಖಲೆಗಳಿಂದಲೇ, ಅದರಲ್ಲೂ ಕನ್ನಡದಲ್ಲಿರುವ ದಾಖಲೆಗಳಿಂದ, ಕಟ್ಟಬೇಕು ಎಂಬುದು ನನ್ನ ವಾದ. ಕೊನೆಯ ಸೆಮಿಸ್ಟರಿನಲ್ಲಿ ಅವಸರವಸರವಾಗಿ ಮುಗಿಸುವ ಪ್ರಾಜೆಕ್ಟ್ ಈ ಕೆಲಸವನ್ನು ಮಾಡಲಾರದು.

ಸ್ನಾತಕೋತ್ತರ ಹಂತದ ಬರವಣಿಗೆ ಎಷ್ಟು ತೂಕದ್ದಾಗಬಲ್ಲದು ಎನ್ನುವುದಕ್ಕೆ ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆ ಇದೆ. ಅಂಬೇಡ್ಕರ್ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಎಂ.ಎ. ಪದವಿಗಾಗಿ ಬರೆದ ಪ್ರಬಂಧದ ವಿಷಯ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸು. ಅದು ಗಾತ್ರದಲ್ಲಿ ಚಿಕ್ಕದು. ಆದರೆ ಕಂಪನಿಯ ಆದಾಯ, ವೆಚ್ಚ ಮತ್ತು ಸಾಲದ ಲೆಕ್ಕಗಳ ಬೆನ್ನು ಹತ್ತಿ, ಆಳುವವರು ಮಾಡಿದ ಸಾಲದ ಭಾರ ಆಳಿಸಿಕೊಂಡವರ ತಲೆಯ ಮೇಲೆ ಹೇಗೆ ಬಂತು ಎಂಬುದನ್ನು ಅದು ತೋರಿಸುತ್ತದೆ. ಸಾಮ್ರಾಜ್ಯಶಾಹಿಯನ್ನು ಖಂಡಿಸಲು ಅವರಿಗೆ ಬೇರೆ ದಾರಿಗಳೂ ಇದ್ದವು; ಅವರು ಆರಿಸಿಕೊಂಡದ್ದು ಲೆಕ್ಕಪತ್ರದ ದಾರಿಯನ್ನು. ಪ್ರಾಂತೀಯ ಹಣಕಾಸಿನ ವಿಕಾಸದ ಮೇಲೆ ಅವರು ಮುಂದೆ ಬರೆದು 1925ರಲ್ಲಿ ಪ್ರಕಟಿಸಿದ ಗ್ರಂಥವೂ ಇದೇ ದಾರಿಯಲ್ಲಿ ಸಾಗಿತು. ಅಂಬೇಡ್ಕರ್ ಅಸಾಮಾನ್ಯರು, ಅವರನ್ನು ಅಳತೆಗೋಲಾಗಿ ಹಿಡಿಯುವುದು ನ್ಯಾಯವಲ್ಲ ಎನ್ನಬಹುದು. ಪ್ರತಿಭೆಯನ್ನು ಅಳೆಯಲು ಆ ಕೋಲು ಬೇಡ, ಒಪ್ಪುತ್ತೇನೆ. ವಿಧಾನದ ಮಾತು ಬೇರೆ: ದಾಖಲೆಯನ್ನು ಬಿಡಿಸಿ ಓದುವುದು ಕಲಿಸಬಹುದಾದ, ಕಲಿಯಬಹುದಾದ ಕೆಲಸ.

ರಾಜ್ಯಶಾಸ್ತ್ರದ ಪರಿಕಲ್ಪನೆಗಳು ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬರುತ್ತವೆ, ಇಲ್ಲಿಯದು ಬರೀ ಉದಾಹರಣೆ ಎಂಬ ಭಾವನೆ ನಮ್ಮ ತರಗತಿಗಳಲ್ಲಿ ಬೇರುಬಿಟ್ಟಿದೆ. ಅದನ್ನು ಅಲ್ಲಗಳೆಯಲು ದೂರ ಹೋಗಬೇಕಿಲ್ಲ. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದರು. ಆ ಹಳ್ಳಿಯನ್ನು ಅವರು ರಾಂಪುರ ಎಂದು ಕರೆದರು. ಪ್ರಬಲ ಜಾತಿ, ವೋಟ್ ಬ್ಯಾಂಕ್ ಎಂಬ ಪರಿಕಲ್ಪನೆಗಳು 1950ರ ದಶಕದ ಅವರ ಬರಹಗಳ ಮೂಲಕ ಭಾರತದ ರಾಜಕೀಯ ವಿಶ್ಲೇಷಣೆಯನ್ನು ಹೊಕ್ಕವು. ವೋಟ್ ಬ್ಯಾಂಕ್ ಎಂದಾಗ ಅವರ ಕಣ್ಣ ಮುಂದಿದ್ದವನು ಹಳ್ಳಿಯ ಯಜಮಾನ: ಗೇಣಿಗೆ ಜಮೀನು ಕೊಡುವವನು, ಸಾಲ ಕೊಡುವವನು, ವ್ಯಾಜ್ಯ ಬಿಡಿಸುವವನು, ಅದರಿಂದಾಗಿ ತನ್ನನ್ನು ನೆಚ್ಚಿಕೊಂಡವರ ಮತಗಳನ್ನು ಪಕ್ಷಕ್ಕೆ ದಾಟಿಸಬಲ್ಲವನು. ಇಂದು ಇಡೀ ಸಮುದಾಯವೊಂದು ಕಣ್ಣು ಮುಚ್ಚಿ ಒಂದೇ ಕಡೆ ಮತ ಹಾಕುತ್ತದೆ ಎಂಬ ಆರೋಪಕ್ಕೆ ಅದೇ ಪರಿಕಲ್ಪನೆಯನ್ನು ಬಳಸಲಾಗುತ್ತಿದೆ. ಭೂಮಿ ಮತ್ತು ಸಾಲದ ಸಂಬಂಧ ಅದರೊಳಗಿಂದ ಜಾರಿಹೋಗಿದೆ. ಪರಿಕಲ್ಪನೆಯ ಹಿಂದಿನ ಸಾಕ್ಷ್ಯವನ್ನು ಓದದೆ ಪರಿಕಲ್ಪನೆಯನ್ನಷ್ಟೇ ಉರುಹೊಡೆದರೆ ಶಾಸ್ತ್ರ ಪೂರ್ವಗ್ರಹಕ್ಕೆ ಸೊಪ್ಪು ಹಾಕತೊಡಗುತ್ತದೆ. ಎಂ.ಎ. ವಿದ್ಯಾರ್ಥಿಗೆ ಇದನ್ನು ತೋರಿಸಿಕೊಡದ ಪಾಠಪಟ್ಟಿ ಎಷ್ಟೇ ಹೊಸದಾಗಿದ್ದರೂ ಅಪೂರ್ಣ.

ದಾಖಲೆಗಳಿಗೆ ನಮ್ಮಲ್ಲಿ ಬರವಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ 144 ಸದಸ್ಯರೊಂದಿಗೆ ಆರಂಭವಾಯಿತು. ಸದಸ್ಯರಲ್ಲಿ ಹೆಚ್ಚಿನವರು ಜಮೀನುದಾರರು ಮತ್ತು ವರ್ತಕರು. ಕಾನೂನು ಮಾಡುವ ಅಧಿಕಾರ ಸಭೆಗೆ ಇರಲಿಲ್ಲ, ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತು. ಹಾನಾ ಪಿಟ್ಕಿನ್ 1967ರಲ್ಲಿ ಪ್ರಾತಿನಿಧ್ಯದ ಪರಿಕಲ್ಪನೆಯನ್ನು ಕುರಿತು ಬರೆದ ಪುಸ್ತಕ ಎಲ್ಲೆಡೆ ಪಠ್ಯವಾಗಿದೆ. ಒಬ್ಬರ ಪರವಾಗಿ ನಿಲ್ಲುವುದೆಂದರೆ ಅಧಿಕಾರ ಪಡೆಯುವುದೇ, ಹೋಲುವುದೇ, ಸಂಕೇತವಾಗುವುದೇ, ಹಿತಕ್ಕಾಗಿ ದುಡಿಯುವುದೇ ಎಂಬ ಆಕೆಯ ವಿಂಗಡಣೆಯನ್ನು ಈ ಸಭೆಯ ನಡಾವಳಿಗಳ ಪಕ್ಕದಲ್ಲಿಟ್ಟು ಓದಿದರೆ ಎರಡೂ ಹೊಸದಾಗಿ ಕಾಣುತ್ತವೆ. ರೈತರ ಹೆಸರಿನಲ್ಲಿ ಜಮೀನುದಾರ ಕಂದಾಯದ ಬಗ್ಗೆ ಮಾತಾಡಿದಾಗ ಅಲ್ಲಿ ಯಾವ ಬಗೆಯ ಪ್ರಾತಿನಿಧ್ಯವಿದೆ? 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪಾಲನ್ನು ಕುರಿತು ಎತ್ತಿದ ಪ್ರಶ್ನೆ ಹೋಲಿಕೆಯ ಪ್ರಾತಿನಿಧ್ಯದ ಪ್ರಶ್ನೆಯೇ ಅಲ್ಲವೇ? 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗ ಅದೇ ಪ್ರಶ್ನೆಯನ್ನು ಪ್ರಜಾಪ್ರಭುತ್ವದ ಚೌಕಟ್ಟಿನೊಳಗೆ ಮತ್ತೆ ಎತ್ತಿತು.

ಇವೆಲ್ಲಕ್ಕಿಂತ ಹೆಚ್ಚು ಫಲವತ್ತಾದ, ಆದರೆ ಎಂ.ಎ. ತರಗತಿ ಮುಟ್ಟದೇ ಬಿಟ್ಟ ಸಾಮಗ್ರಿ ಭೂಸುಧಾರಣೆಯದು. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರ ಫಾರಂ ನಂ. 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಕೇಳಬೇಕಾಗಿತ್ತು. ಹಾಗೆ ಬಂದ ಅರ್ಜಿಗಳು ಸುಮಾರು 8 ಲಕ್ಷ. ಅವುಗಳ ತೀರ್ಮಾನವನ್ನು ಸಿವಿಲ್ ಕೋರ್ಟಿಗೆ ಬಿಡದೆ ತಾಲ್ಲೂಕು ಮಟ್ಟದ ಭೂನ್ಯಾಯ ಮಂಡಳಿಗಳಿಗೆ ವಹಿಸಲಾಯಿತು. ಅಸಿಸ್ಟೆಂಟ್ ಕಮಿಷನರ್ ದರ್ಜೆಯ ಅಧಿಕಾರಿ ಅಧ್ಯಕ್ಷ, ಸರ್ಕಾರ ನಾಮಕರಣ ಮಾಡಿದವರು ಸದಸ್ಯರು, ಅವರಲ್ಲಿ ಪರಿಶಿಷ್ಟರಿಗೆ ಸ್ಥಾನ. ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಹಾಗಾಗಿ ಒಪ್ಪದವರು ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋದರು. ಇಂಥ ಒಂದೊಂದು ಕಡತದಲ್ಲೂ ಪಹಣಿಯ ನಕಲು, ಗೇಣಿ ಚೀಟಿ, ಗ್ರಾಮ ಲೆಕ್ಕಿಗನ ವರದಿ, ಸ್ಥಳ ಮಹಜರು, ಅಕ್ಕಪಕ್ಕದ ಜಮೀನಿನವರ ಹೇಳಿಕೆ ಇವೆಲ್ಲ ಸಿಗಬಹುದು, ಹೆಚ್ಚಿನವು ಕನ್ನಡದಲ್ಲಿ. ಪ್ರಬಲ ವರ್ಗಗಳ ಹಿಡಿತದಿಂದ ಪ್ರಭುತ್ವ ಎಷ್ಟರಮಟ್ಟಿಗೆ ಬಿಡಿಸಿಕೊಂಡು ನಡೆಯಬಲ್ಲದು ಎಂಬುದು ರಾಜ್ಯಸಿದ್ಧಾಂತದ ದೊಡ್ಡ ಚರ್ಚೆಗಳಲ್ಲೊಂದು. ಅತುಲ್ ಕೊಹ್ಲಿ 1987ರ ತಮ್ಮ ಗ್ರಂಥದಲ್ಲಿ ಪಶ್ಚಿಮ ಬಂಗಾಳ, ಉತ್ತರ ಪ್ರದೇಶ ಮತ್ತು ಕರ್ನಾಟಕಗಳನ್ನು ಹೋಲಿಸಿ ಆ ಚರ್ಚೆಗೆ ಭಾರತದ ಉತ್ತರವೊಂದನ್ನು ಕೊಟ್ಟರು: ಬಡವರ ಪರವಾದ ಸುಧಾರಣೆಯ ಗತಿ ಆಳುವ ಪಕ್ಷದ ಸಂಘಟನೆ ಮತ್ತು ಸಿದ್ಧಾಂತವನ್ನು ಅವಲಂಬಿಸುತ್ತದೆ ಎಂದು. ಅದು ರಾಜ್ಯಮಟ್ಟದ ಉತ್ತರ. ಕರಾವಳಿಯಲ್ಲಿ ಗೇಣಿ ಪದ್ಧತಿ ದಟ್ಟವಾಗಿತ್ತು, ಅರ್ಜಿಗಳೂ ಅಲ್ಲಿ ಹೆಚ್ಚು. ಬಯಲುಸೀಮೆಯ ಹಲವೆಡೆ ಹಾಗಿರಲಿಲ್ಲ. ಸರ್ಕಾರ ಒಂದೇ, ಪಕ್ಷ ಒಂದೇ, ಕಾಯ್ದೆ ಒಂದೇ ಇರುವಾಗ ಎರಡು ತಾಲ್ಲೂಕುಗಳ ಫಲ ಬೇರೆಬೇರೆಯಾದರೆ ಅದನ್ನು ವಿವರಿಸಲು ಪಕ್ಷದ ಸ್ವರೂಪ ಸಾಲದು. ಮಂಡಳಿಯ ಸದಸ್ಯರು ಯಾರು, ಗೇಣಿಗೆ ಚೀಟಿ ಇತ್ತೋ ಬಾಯಿಮಾತೋ, ಸಾಕ್ಷಿ ಹೇಳಲು ನೆರೆಯವರು ಮುಂದೆ ಬಂದರೋ ಹೆದರಿದರೋ, ಹಕ್ಕು ಗಂಡಸಿನ ಹೆಸರಿಗೆ ಹೋಯಿತೋ ವಿಧವೆಯ ಹೆಸರಿಗೂ ಬಂತೋ ಎಂಬುದನ್ನು ನೋಡಬೇಕು. ಒಂದು ಹೋಬಳಿಯ ಆದೇಶಗಳನ್ನು ಶ್ರದ್ಧೆಯಿಂದ ಓದಿದ ಇಪ್ಪತ್ತೆರಡು ವರ್ಷದ ವಿದ್ಯಾರ್ಥಿನಿ ಕೊಹ್ಲಿಯವರ ವಾದವನ್ನು ಗೌರವದಿಂದಲೇ ತಿದ್ದಬಲ್ಲಳು. ಇಂಥ ತಿದ್ದುಪಡಿಗಳು ಕೂಡುತ್ತ ಹೋಗುವುದರಿಂದಲೇ ಶಾಸ್ತ್ರ ಬೆಳೆಯುತ್ತದೆ.

ಈ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ ಸಂಕುಚಿತತೆಯದು. ಹೋಬಳಿಯ ಕಡತ ಓದುತ್ತ ಕುಳಿತವನಿಗೆ ಪ್ಲೇಟೋ, ಹಾಬ್ಸ್, ರಾಲ್ಸ್ ಯಾವಾಗ, ಅಂತರರಾಷ್ಟ್ರೀಯ ಸಂಬಂಧ ಯಾವಾಗ? ಈ ಆತಂಕ ಪೊಳ್ಳಲ್ಲ. ಸಿದ್ಧಾಂತ ಓದದವನಿಗೆ ಕಡತದಲ್ಲಿ ಜಗಳ ಕಾಣುತ್ತದೆ, ಪ್ರಭುತ್ವ ಕಾಣುವುದಿಲ್ಲ. ಆದ್ದರಿಂದ ನಾನು ಕೇಳುತ್ತಿರುವುದು ಸಿದ್ಧಾಂತದ ಪತ್ರಿಕೆಗಳನ್ನು ತೆಗೆಯಬೇಕೆಂದಲ್ಲ, ಅವು ಸಾಕ್ಷ್ಯದ ಎದುರು ನಿಲ್ಲುವಂತಾಗಬೇಕೆಂದು. ಸ್ಥಳೀಯವಾದದ್ದು ಸಣ್ಣದು ಎಂಬ ಎಣಿಕೆಯೂ ಸರಿಯಲ್ಲ. 1989ರಲ್ಲಿ ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರಕ್ಕೆ ಬಹುಮತವಿಲ್ಲವೆಂದು ರಾಜ್ಯಪಾಲರು ವರದಿ ಮಾಡಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆಂಬ ಮುಖ್ಯಮಂತ್ರಿಯ ಮಾತಿಗೆ ಬೆಲೆ ಸಿಗದೆ ಸರ್ಕಾರ ವಜಾ ಆಯಿತು. ಬೆಂಗಳೂರಿನಲ್ಲಿ ಹುಟ್ಟಿದ ಆ ವ್ಯಾಜ್ಯದಿಂದಲೇ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 356ನೆಯ ವಿಧಿಯ ಬಳಕೆಗೆ ಕಟ್ಟುಪಾಡು ಹಾಕಿತು. ಪಂಚಾಯತ್ ರಾಜ್ಯದ್ದೂ ಇದೇ ಕಥೆ. ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಲ್ಲಿ ರೂಪುಗೊಂಡ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು, ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಾಗಿತ್ತು. ಸಂವಿಧಾನದ 73ನೆಯ ತಿದ್ದುಪಡಿ ಬಂದದ್ದು ಅದಾದ ಮೇಲೆ. ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ 1998ರಲ್ಲಿ ವಿಕೇಂದ್ರೀಕರಣವನ್ನು ಕುರಿತು ಬರೆದಾಗ ಕರ್ನಾಟಕವನ್ನು ಬಾಂಗ್ಲಾದೇಶ, ಘಾನಾ ಮತ್ತು ಐವರಿ ಕೋಸ್ಟ್‌ಗಳ ಜೊತೆ ಇಟ್ಟು ತೂಗಿದರು. ಹೊರಗಿನ ವಿದ್ವಾಂಸರಿಗೆ ಜಗತ್ತಿನ ಪ್ರಶ್ನೆಯಾಗಿ ಕಂಡ ಮಂಡಲ ಪಂಚಾಯತಿ ಇಲ್ಲಿನ ವಿದ್ಯಾರ್ಥಿಗೆ ಐದು ಅಂಕದ ಟಿಪ್ಪಣಿಯಾಗಿ ಉಳಿಯುವುದು ನೋವಿನ ಸಂಗತಿ.

ಎರಡನೆಯದು ಬದುಕಿನ ಆಕ್ಷೇಪ, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಎಂ.ಎ. ರಾಜ್ಯಶಾಸ್ತ್ರ ಸೇರುವ ಬಹಳಷ್ಟು ಮಂದಿಯ ಕಣ್ಣು ನೆಟ್, ಕೆ-ಸೆಟ್, ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳ ಮೇಲಿರುತ್ತದೆ, ಹಲವರು ಮನೆತನದಲ್ಲಿ ಮೊದಲು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು. ನೆಟ್‌ನ ವಿವರಣಾತ್ಮಕ ಪತ್ರಿಕೆ 2012ರಲ್ಲಿ ಹೋಗಿ ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳಾದವು. ಇಂಥ ಪರೀಕ್ಷೆಗೆ ಓದುವವನಿಗೆ ಆರು ತಿಂಗಳು ಕಡತದ ಧೂಳು ಕುಡಿಯಲು ಹೇಳುವುದು ಕ್ರೌರ್ಯವಲ್ಲವೇ? ಪರೀಕ್ಷೆಯ ಓದನ್ನು ಕೀಳೆಂದು ನಾನು ಎಣಿಸುವುದಿಲ್ಲ, ಅದು ಅನ್ನದ ಪ್ರಶ್ನೆ. ಆದರೆ ಬಹು ಆಯ್ಕೆಯ ಪ್ರಶ್ನೆಗಳಿಗೆ ತಯಾರಿ ಕೊಡಲು ಕೋಚಿಂಗ್ ಕೇಂದ್ರಗಳಿವೆ, ಗೈಡುಗಳಿವೆ, ಯೂಟ್ಯೂಬ್ ಇದೆ. ಸಾಕ್ಷ್ಯವನ್ನು ತೂಗಲು ಕಲಿಸುವ ಜಾಗ ವಿಶ್ವವಿದ್ಯಾಲಯವಲ್ಲದೆ ಇನ್ನೊಂದಿಲ್ಲ. ತಹಸೀಲ್ದಾರ್ ಹುದ್ದೆಗೆ ಬಂದವರ ಮೇಜಿನ ಮೇಲೆ ಮೊದಲ ದಿನವೇ ಬರುವುದು ಪರಸ್ಪರ ಒಪ್ಪದ ಎರಡು ಹೇಳಿಕೆಗಳು ಮತ್ತು ಒಂದು ಹಳೆಯ ಪಹಣಿ. ಪಿಯು ಕಾಲೇಜಿನ ಉಪನ್ಯಾಸಕಿ ಪಂಚಾಯತ್ ರಾಜ್ಯದ ಪಾಠ ಮಾಡುವಾಗ ಊರಿನ ಗ್ರಾಮಸಭೆಯ ನಡಾವಳಿ ಪುಸ್ತಕವನ್ನು ಒಮ್ಮೆಯಾದರೂ ಓದಿದವಳಾಗಿದ್ದರೆ ಆ ಪಾಠದ ಬಣ್ಣವೇ ಬೇರೆ.

ಭಾಷೆಯ ಆಕ್ಷೇಪ ಬೇಗ ತೀರುವಂಥದು. ಇಂಗ್ಲಿಷಿನಲ್ಲಿ ಬರೆಯದಿದ್ದರೆ ಹೊರಗೆ ಓದುವವರಿಲ್ಲ ಎನ್ನುತ್ತಾರೆ. ಇಂಗ್ಲಿಷ್ ಓದಲೇಬೇಕು, ಅದಿಲ್ಲದೆ ಪಿಟ್ಕಿನ್ ಆಗಲಿ ಕೊಹ್ಲಿ ಆಗಲಿ ದಕ್ಕುವುದಿಲ್ಲ. ಆದರೆ ಮಹಜರು, ಗ್ರಾಮಸಭೆಯ ನಡಾವಳಿ, ವಿಧಾನಮಂಡಲದ ಚರ್ಚೆ ಇವು ಕನ್ನಡ ಬಲ್ಲವರಿಗೇ ತೆರೆದುಕೊಳ್ಳುವಂಥವು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಕೊರತೆ ಎಂದು ನಾವು ದಿನವೂ ನೆನಪಿಸುವ ವಿಷಯ ಈ ಕೆಲಸದಲ್ಲಿ ಅವನ ಬಂಡವಾಳ.

ಕಾಲಾವಕಾಶದ ವಿಷಯದಲ್ಲಿ ಕರ್ನಾಟಕಕ್ಕೆ ಈಗ ಅನುಕೂಲವೇ ಒದಗಿದೆ. ಸ್ನಾತಕೋತ್ತರ ಪದವಿಗಳಿಗಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರಲ್ಲಿ ಪ್ರಕಟಿಸಿದ ಚೌಕಟ್ಟು ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ ಒಂದೇ ವರ್ಷದ ಎಂ.ಎ.ಗೆ ದಾರಿ ಮಾಡುತ್ತದೆ. ರಾಜ್ಯ ಸರ್ಕಾರ ಅದೇ ವರ್ಷ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಇಲ್ಲಿ ಎರಡು ವರ್ಷದ ಎಂ.ಎ. ಉಳಿಯುತ್ತದೆ. ಎರಡನೆಯ ಸೆಮಿಸ್ಟರಿನ ಕೊನೆಗೆ ವಿಷಯ ಗೊತ್ತಾಗಿ, ಮೂರನೆಯದರಲ್ಲಿ ಸಾಮಗ್ರಿ ಕೂಡಿ, ನಾಲ್ಕನೆಯದರಲ್ಲಿ ಬರವಣಿಗೆ ನಡೆಯುವಂತೆ ಸಂಪ್ರಬಂಧವನ್ನು ಹಂಚಬಹುದು. ಸಾಮಗ್ರಿಗಾಗಿ ಎಲ್ಲರೂ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೇ ಬರಬೇಕೆಂದಿಲ್ಲ. ಮತಗಟ್ಟೆವಾರು ಫಲಿತಾಂಶ ಕೊಡುವ ನಮೂನೆ 20, ಅಭ್ಯರ್ಥಿಗಳ ಪ್ರಮಾಣಪತ್ರಗಳು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಂಚಾಯತಿಯೇ ಪ್ರಕಟಿಸಬೇಕಾದ ವಿವರಗಳು ಊರಿನಲ್ಲೇ ಸಿಗುತ್ತವೆ. ಜಮೀನಿನ ಕಡತಗಳಲ್ಲಿ ಬದುಕಿರುವ ಕುಟುಂಬಗಳ ಹೆಸರುಗಳಿರುತ್ತವೆ, ಹಳೆಯ ಗಾಯಗಳೂ ಇರುತ್ತವೆ. ಹೆಸರು ಮರೆಸುವ ಶಿಸ್ತನ್ನು ಮೊದಲೇ ಕಲಿಸಬೇಕು.

ನಕಲಿನ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಪ್ರಜಾಪ್ರಭುತ್ವದ ಸವಾಲುಗಳು ಎಂಬಂಥ ವಿಷಯದ ಮೇಲೆ ಎಲ್ಲಿಂದಲೋ ಎತ್ತಿ ಬರೆಯಬಹುದು, ಈಗ ಯಂತ್ರದಿಂದಲೂ ಬರೆಸಬಹುದು. ನಿರ್ದಿಷ್ಟ ತಾಲ್ಲೂಕಿನ ನಿರ್ದಿಷ್ಟ ಆದೇಶಗಳ ಮೇಲೆ ಹಾಗೆ ಬರೆಯುವುದು ಕಷ್ಟ, ಬರೆದರೂ ಮೂಲ ಪ್ರತಿಗಳನ್ನು ಮುಂದಿಟ್ಟು ನಡೆಸುವ ಮೌಖಿಕ ಪರೀಕ್ಷೆಯಲ್ಲಿ ನಿಲ್ಲದು. ಉತ್ತರ ಸುಲಭವಾಗಿ ಸಿಗದ ಆಕ್ಷೇಪ ಒಂದೇ, ಅದು ಮಾರ್ಗದರ್ಶಕರದು. ಖಾಯಂ ಹುದ್ದೆಗಳು ಖಾಲಿ ಬಿದ್ದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುವ ವಿಭಾಗಗಳಲ್ಲಿ, ತರಗತಿಗೆ ಮಾತ್ರ ಗೌರವಧನ ಪಡೆಯುವ ಅಧ್ಯಾಪಕ ಹತ್ತಾರು ಸಂಪ್ರಬಂಧಗಳ ಕರಡುಗಳನ್ನು ಯಾವ ಹೊತ್ತಿನಲ್ಲಿ ಓದಬೇಕು? ಈ ಓದನ್ನು ಬೋಧನೆಯ ಅವಧಿಯೆಂದೇ ಲೆಕ್ಕಕ್ಕೆ ಹಿಡಿದು ಸಂಬಳ ಕೊಡದ ಹೊರತು ಮೇಲಿನ ಯಾವ ಸಲಹೆಯೂ ಜಾರಿಗೆ ಬಾರದು. ಆದ್ದರಿಂದ ಪಾಠಪಟ್ಟಿಯ ಸುಧಾರಣೆಯ ಮೊದಲ ಕಡತ ಅಧ್ಯಯನ ಮಂಡಳಿಯ ಮುಂದೆ ಹೋಗುವ ಮುನ್ನ ಹಣಕಾಸು ಇಲಾಖೆಗೆ ಹೋಗಬೇಕು.