ಅತಿಥಿಗೆ ಎಕರೆ, ಸಿದ್ದಿಗೆ ಅತಿಕ್ರಮಣ

ಮುಂಡಗೋಡದ ಯಾವುದೇ ಚಾದಂಗಡಿಯಲ್ಲಿ ಅರ್ಧ ತಾಸು ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. “ಆ ಟಿಬೆಟದವ್ರನ್ನ ನೋಡ್ರಿ. ಬರಿಗೈಲೆ ಬಂದವ್ರು ಸಾಲಿ ಕಟ್ಯಾರ, ದವಾಖಾನಿ ಕಟ್ಯಾರ, ಊರಿಗೂರೇ ಎಬ್ಬಿಸ್ಯಾರ. ಈ ಸಿದ್ದ್ಯಾರು ನಾಕನೂರು ವರ್ಷದಿಂದ ಇಲ್ಲೇ ಅದಾರ, ಇನ್ನೂ ಅಡವಿ ಬಿಟ್ಟು ಹೊರಗ ಬಂದಿಲ್ಲ. ದುಡಿಯೋ ಬುದ್ಧಿ ಇದ್ರ ಅಲ್ರಿ!” ಹೀಗೆ ಹೇಳುವವನು ಸಾಮಾನ್ಯವಾಗಿ ದುಡಿಯುವವನಲ್ಲ, ದುಡಿಸುವವನು. ಪಕ್ಕದ ಬೆಂಚಿನಿಂದ ಇನ್ನೊಂದು ದನಿ ಏಳುತ್ತದೆ: “ನಮ್ಮ ಅಡವಿ ಕಡದು ಹೊರದೇಶದವ್ರಿಗೆ ಕೊಟ್ರು. ನಮಗೇನು ಕೊಟ್ರು?”

ಮೊದಲನೆಯ ಮಾತು ಸಿದ್ದಿಯನ್ನು ಸೋಮಾರಿ ಮಾಡುತ್ತದೆ. ಎರಡನೆಯದು ಟಿಬೆಟನ್ನನನ್ನು ಕಳ್ಳನನ್ನಾಗಿ ಮಾಡುತ್ತದೆ. ಎರಡರಲ್ಲೂ ಭೂಮಿ ಹಂಚಿದವನ ಹೆಸರೇ ಇಲ್ಲ. ಗೆಳೆಯರೇ, ನಾವು ನೋಡಬೇಕಾದದ್ದು ಆ ಹಂಚಿದ ಕೈಯನ್ನು.

ಉತ್ತರ ಕನ್ನಡ ಜಿಲ್ಲೆಯ ಮುಕ್ಕಾಲಿಗೂ ಹೆಚ್ಚು ಭಾಗ ಅರಣ್ಯ. ಆ ಅರಣ್ಯದ ಒಳಗೇ ಎರಡು ವಲಸೆ ಬಂದ ಜನ ಬದುಕಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೊಯಿಡಾ ಕಡೆಯ ಕಾಡುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು. ಮುಂಡಗೋಡದ ಬಳಿಯ ಕ್ಯಾಂಪುಗಳಲ್ಲಿ ಟಿಬೆಟನ್ನರು. ಟಿ. ಸಿ. ಪಾಲಾಕ್ಷಪ್ಪ ಎಂಬ ವಿದ್ವಾಂಸರು 1976ರಲ್ಲಿ ಉತ್ತರ ಕನ್ನಡದ ಸಿದ್ದಿಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಎರಡೇ ವರ್ಷಕ್ಕೆ, 1978ರಲ್ಲಿ, ಮುಂಡಗೋಡದ ಟಿಬೆಟನ್ನರ ಮೇಲೆ ಇನ್ನೊಂದು ಪುಸ್ತಕ ಬಂತು. ಒಬ್ಬನೇ ಲೇಖಕ, ಒಂದೇ ಸೀಮೆ, ಎರಡು ಪುಸ್ತಕ. ಆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ಕೆಲಸವನ್ನು ನಾವು ಬೇಗ ಮಾಡಲಿಲ್ಲ.

ಸಿದ್ದಿ ಹೇಗೆ ಬಂದ? ಬಂದ ಅನ್ನುವುದೇ ತಪ್ಪು, ತಂದರು. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದ ಮೇಲೆ ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ಮನುಷ್ಯರನ್ನು ತುಂಬಿ ತಂದು ಮಾರಿದರು. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚರ ಲಿನ್ಶೋಟನ್, ಅಲ್ಲಿನ ಬೀದಿಯಲ್ಲಿ ಬೆಳಗಿನ ಹೊತ್ತು ಬೇರೆ ಸರಕಿನ ಜೊತೆ ಗುಲಾಮರನ್ನೂ ಹರಾಜು ಹಾಕುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅರಬ್ ವ್ಯಾಪಾರಿಗಳ ಮೂಲಕ ದಖನ್ನಿನ ಸುಲ್ತಾನರ ಸೈನ್ಯಕ್ಕೆ ಬಂದವರೂ ಇದ್ದರು. ನಮ್ಮ ಪಠ್ಯಪುಸ್ತಕಗಳಿಗೆ ಗೊತ್ತಿರುವ ಹಬಶಿ ಒಬ್ಬನೇ: ಗುಲಾಮನಾಗಿ ಮಾರಾಟವಾಗಿ ಅಹಮದ್‌ನಗರದ ಆಡಳಿತವನ್ನೇ ಹಿಡಿದ ಮಲಿಕ್ ಅಂಬರ್. ಒಬ್ಬ ಮೇಲೆ ಹತ್ತಿದ ಕತೆ ಹೇಳಿದರೆ ಸಾವಿರ ಮಂದಿ ಕೆಳಗೆ ಬಿದ್ದ ಕತೆ ಹೇಳಬೇಕಾಗಿಲ್ಲವಲ್ಲ! ಯಲ್ಲಾಪುರದ ಕಾಡಿನ ಸಿದ್ದಿಗೆ ಅಂಬರನಿಂದ ಒಂದು ಗುಂಟೆಯೂ ಬರಲಿಲ್ಲ.

ಗೋವೆಯ ಒಡೆಯರ ಮನೆಯಿಂದ, ಹಡಗುಕಟ್ಟೆಯಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿದರು. ಒಬ್ಬರು, ಇಬ್ಬರು, ಒಂದು ಸಂಸಾರ. ರಾತ್ರಿ ನಡೆದು ಹಗಲು ಅಡಗಿ ಬಂದವನಿಗೆ ಕಾಡು ಎಷ್ಟು ದಟ್ಟವೋ ಅಷ್ಟು ಒಳ್ಳೆಯದು. ಇದನ್ನು ನಾವು ಸರಿಯಾಗಿ ಗಮನಿಸಬೇಕು. ಸಿದ್ದಿಗಳು ಒಂದು ಜನಾಂಗವಾಗಿ ಈ ನೆಲಕ್ಕೆ ಬರಲಿಲ್ಲ. ಬಿಡಿ ಬಿಡಿ ಮನುಷ್ಯರಾಗಿ, ಹೆಸರು ಕಳಕೊಂಡು, ಬೇರೆ ಬೇರೆ ಬುಡಕಟ್ಟಿನ ಬೇರೆ ಬೇರೆ ಭಾಷೆ ಮರೆತು ಬಂದರು. ಗೋವೆಯಿಂದ ತಂದ ಕೊಂಕಣಿಯೇ ಅವರ ಮನೆಮಾತಾಯಿತು. ಧರ್ಮವೂ ಬಹುಮಟ್ಟಿಗೆ ಹಾಗೆಯೇ. ಪೋರ್ಚುಗೀಸರ ಕೈಯಲ್ಲಿದ್ದವರು ಕ್ರೈಸ್ತರು, ಮುಸಲ್ಮಾನ ಒಡೆಯರ ಕೈಯಲ್ಲಿದ್ದವರು ಮುಸಲ್ಮಾನರು, ಅಡಿಕೆ ತೋಟದ ನೆರಳಿಗೆ ಬಂದವರು ಹಿಂದೂಗಳು. ಒಡೆಯನ ದೇವರೇ ಆಳಿನ ದೇವರು. ಇಷ್ಟಾದರೂ ಡಮಾಮಿ ಬಾರಿಸುವಾಗ, ಹಿರಿಯರಿಗೆ ಎಡೆ ಇಡುವಾಗ ಮೂರೂ ಕಡೆಯವರು ಒಂದೇ ಎಂಬುದು ಅವರಿಗೆ ಮರೆತಿಲ್ಲ.

ಅಡಗಿಕೊಂಡವನಿಗೆ ದಾಖಲೆ ಎಲ್ಲಿಂದ ಬರಬೇಕು? ಬ್ರಿಟಿಷರು ಬಂದರು. 1862ರಲ್ಲಿ ಈ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆ ಬಂದು ಕಾಡೆಲ್ಲ ಸರಕಾರದ್ದಾಯಿತು. ನಿನ್ನೆಯವರೆಗೆ ಕುಮರಿ ಸುಟ್ಟು ರಾಗಿ ಬೆಳೆದವನು, ಜೇನು ಇಳಿಸಿದವನು ಬೆಳಗಾಗುವುದರೊಳಗೆ ಕಳ್ಳನಾದ. ಅದೇ ಸರಕಾರ ಅಡಿಕೆ ತೋಟದ ಮಾಲೀಕರಿಗೆ ಮಾತ್ರ ಒಂದೊಂದು ಎಕರೆ ತೋಟಕ್ಕೆ ಹಲವು ಎಕರೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿತು. ಪಟ್ಟಾ ಇದ್ದವನಿಗೆ ಕಾಡು ಗೊಬ್ಬರದ ಸೊಪ್ಪು. ಪಟ್ಟಾ ಇಲ್ಲದವನಿಗೆ ಗಾರ್ಡನ ದಂಡ. ಆ ಸೊಪ್ಪನ್ನು ಬೆಟ್ಟ ಹತ್ತಿ ಕಡಿದು ತಲೆಯ ಮೇಲೆ ಹೊತ್ತು ತೋಟಕ್ಕೆ ಹಾಕಿದವನು ಯಾರು ಅಂತೀರಿ? ಅದೇ ಸಿದ್ದಿ.

ಹೊಟ್ಟೆಗೆ ಬೇಕಾದಾಗ ಮುಂಗಡ ತಂದ. ಮುಂಗಡ ತೀರಲಿಲ್ಲ. ಅಪ್ಪನ ಸಾಲಕ್ಕೆ ಮಗ, ಮಗನ ಮದುವೆಯ ಸಾಲಕ್ಕೆ ಸೊಸೆ. ಗೋವೆಯಲ್ಲಿ ಸಂಕಲೆ ಕಳಚಿ ಓಡಿ ಬಂದವನ ಮೊಮ್ಮಕ್ಕಳು ಲೆಕ್ಕದ ಪುಸ್ತಕದಲ್ಲಿ ಮತ್ತೆ ಸಿಕ್ಕಿಬಿದ್ದರು. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1869ರಲ್ಲಿ. ನಮ್ಮ ದೇಶ ಜೀತಪದ್ಧತಿ ರದ್ದು ಮಾಡುವ ಕಾಯಿದೆ ತಂದದ್ದು 1976ರಲ್ಲಿ. ನೂರು ವರ್ಷದ ಮೇಲೆ ಏಳು ವರ್ಷ!

1974ರ ಭೂಸುಧಾರಣೆ ದೊಡ್ಡ ಹೆಜ್ಜೆ, ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಆ ಕಾಯಿದೆ ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಸೊಪ್ಪು ಹೊತ್ತವನು, ಕೊನೆ ಇಳಿಸಿದವನು, ಸಗಣಿ ಬಾಚಿದವಳು ಗೇಣಿದಾರರಲ್ಲ. ಅವರು ಬರೀ ಆಳು. ಡಿಕ್ಲರೇಶನ್ ಕೊಡುವುದಕ್ಕೆ ಅವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಈಗ ಟಿಬೆಟನ್ನರ ಕಡೆ ಬನ್ನಿ. 1959ರ ಮಾರ್ಚಿನಲ್ಲಿ ದಲಾಯಿ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಹಿಂದೆ ಸಾವಿರಾರು ಜನ. ನೆಹರೂ ರಾಜ್ಯಗಳಿಗೆ ಪತ್ರ ಬರೆದು ಜಾಗ ಕೇಳಿದರು, ಮೈಸೂರು ರಾಜ್ಯ ಮುಂದೆ ಬಂತು. 1960ರಲ್ಲಿ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ. ನಿಜಲಿಂಗಪ್ಪನವರ ಕಾಲದಲ್ಲಿ, 1966ರಲ್ಲಿ, ಮುಂಡಗೋಡದಲ್ಲಿ ಸುಮಾರು 4,000 ಎಕರೆ ಅರಣ್ಯಭೂಮಿ. ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಲೆಕ್ಕ ಸರಳ: ತಲೆಗೆ ಒಂದು ಎಕರೆ.

ಆ ಎಕರೆ ಬೆಳ್ಳಿತಟ್ಟೆಯಲ್ಲಿ ಬರಲಿಲ್ಲ. ಹಿಮದ ನಾಡಿನಲ್ಲಿ ಯಾಕ್ ಮೇಯಿಸಿದ ಜನ ಮಲೆನಾಡಿನ ಸೆಕೆಗೆ, ಜ್ವರಕ್ಕೆ ಸಿಕ್ಕಿ ಸತ್ತರು. ಡೇರೆಯಲ್ಲಿದ್ದುಕೊಂಡು ಮರ ಕಡಿದರು, ಬೇರು ಕಿತ್ತರು, ಆನೆ ಹಂದಿಗಳ ಜೊತೆ ಹೊಡೆದಾಡಿ ಗೋವಿನಜೋಳ ಬೆಳೆದರು. ಹಳೆಯ ಟಿಬೆಟ್ಟು ಸಮಾನತೆಯ ನಾಡೇನೂ ಆಗಿರಲಿಲ್ಲ. ಅಲ್ಲಿ ಜಮೀನ್ದಾರರಿದ್ದರು, ಮಠಗಳ ಒಕ್ಕಲುಗಳಿದ್ದರು. ಇಲ್ಲಿ ಒಕ್ಕಲಿನವನಿಗೂ ದೊಡ್ಡ ಮನೆತನದವನಿಗೂ ತಲೆಗೆ ಅದೇ ಒಂದು ಎಕರೆ ಸಿಕ್ಕಿತು. ಮಠಗಳು ಬೆಳೆದವು ಎಂಬುದೂ ನಿಜ. ಬಂಗಾಳದ ಬಕ್ಸಾದ ಹಳೆಯ ಜೈಲಿನಲ್ಲಿ ವರ್ಷಗಟ್ಟಲೆ ಇದ್ದ ಸನ್ಯಾಸಿಗಳು ಬಂದು ಮುಂಡಗೋಡದಲ್ಲಿ ಗಾಂದೆನ್, ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು. ಇವತ್ತು ಹೊರದೇಶದ ಹಣದ ಹೊಳಪು ಕಾಣುವುದು ಮಠಗಳ ಗೋಪುರದಲ್ಲಿ. ಚಳಿಗಾಲದಲ್ಲಿ ಲೂಧಿಯಾನದ ಸ್ವೆಟರ್ ತಂದು ಊರೂರಿನ ಫುಟ್‌ಪಾತಿನ ಮೇಲೆ ಮಾರುವ ಕ್ಯಾಂಪಿನ ಹೆಂಗಸಿನ ಮನೆಯಲ್ಲಿ ಅಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ದುಡಿಮೆಯಲ್ಲಿ ಇಲ್ಲ. ಇಬ್ಬರೂ ಕಾಡು ಕಡಿದವರೇ, ಇಬ್ಬರೂ ಜ್ವರದಲ್ಲಿ ಸತ್ತವರೇ. ವ್ಯತ್ಯಾಸ ಇರುವುದು ಕಡಿದ ನೆಲ ಯಾರದು ಎಂಬುದರಲ್ಲಿ. ಟಿಬೆಟನ್ನರು ಒಂದು ಜನವಾಗಿ ಬಂದರು, ತಮ್ಮ ನಾಯಕನೊಂದಿಗೆ, ಭಾಷೆ ಮತ್ತು ಗ್ರಂಥಗಳೊಂದಿಗೆ. ಅವರ ಪರವಾಗಿ ಪ್ರಧಾನಿ ಪತ್ರ ಬರೆದ. ಚೀನಾದ ಜೊತೆ ಜಗಳವಿದ್ದ ಜಗತ್ತಿನ ದೊಡ್ಡ ದೇಶಗಳ ಕಣ್ಣು ಅವರ ಮೇಲಿತ್ತು, ಸ್ವಿಸ್ ಮುಂತಾದ ದೇಶಗಳ ನೆರವು ಹರಿಯಿತು. 1961ರಲ್ಲೇ ಅವರ ಮಕ್ಕಳ ಶಾಲೆಗಳಿಗೆಂದು ಕೇಂದ್ರ ಸರಕಾರ ಒಂದು ಪ್ರತ್ಯೇಕ ಆಡಳಿತ ಮಾಡಿತು. ಈಗ ನಮ್ಮ ಹಳ್ಳಿಗಳಲ್ಲಿ ಸ್ವಸಹಾಯ ಗುಂಪು ಕಟ್ಟುವ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗೆ. ಸಹಕಾರಿ ಸಂಘ, ಟ್ರ್ಯಾಕ್ಟರು, ಆಸ್ಪತ್ರೆ, ಶಾಲೆ ಇವೆಲ್ಲ ಒಟ್ಟಿಗೆ, ಒಂದೇ ಕಡೆ, ಒಂದೇ ತಲೆಮಾರಿನಲ್ಲಿ ಬಂದವು.

ಇದು ತಪ್ಪೇ? ಅಲ್ಲ. ಮನೆ ಕಳಕೊಂಡು ಬಂದವರಿಗೆ ಹೀಗೇ ಮಾಡಬೇಕು. ಭೂಮಿ, ಶಾಲೆ, ಸಂಘ ಮೂರನ್ನೂ ಒಟ್ಟಿಗೆ ಕೊಟ್ಟರೆ ಬರಿಗೈಯ ಜನ ಇಪ್ಪತ್ತೇ ವರ್ಷದಲ್ಲಿ ಎದ್ದು ನಿಲ್ಲುತ್ತಾರೆಂದು ಸರಕಾರವೇ ಮುಂಡಗೋಡದಲ್ಲಿ ರುಜುವಾತು ಮಾಡಿ ತೋರಿಸಿದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ಮಾಡುವುದು ಗೊತ್ತಿದ್ದೂ ಅದೇ ತಾಲೂಕಿನ ಸಿದ್ದಿಗೆ ಯಾಕೆ ಮಾಡಲಿಲ್ಲ? 1966ರಲ್ಲಿ ಅಳತೆಯ ಸರಪಳಿ ಹಿಡಿದು ಕಾಡಿಗೆ ಬಂದ ಸರಕಾರಕ್ಕೆ ಕಾಡಿನಲ್ಲಿ ಆಗಲೇ ಗುಡಿಸಲು ಹಾಕಿಕೊಂಡಿದ್ದವರು ಕಾಣಲಿಲ್ಲವೇ? ಕಂಡರು, ಆದರೆ ಬೇರೆ ಹೆಸರಿನಲ್ಲಿ ಕಂಡರು. ಒಬ್ಬ ಅತಿಥಿ, ಇನ್ನೊಬ್ಬ ಅತಿಕ್ರಮಣದಾರ.

ಜಾತಿಯ ಮಾತು ಬಿಟ್ಟು ಈ ಲೆಕ್ಕ ಮುಗಿಯುವುದಿಲ್ಲ. ಟಿಬೆಟನ್ನ ನಮ್ಮ ಜಾತಿಯ ಏಣಿಯ ಹೊರಗೇ ಉಳಿದ. ಅವನ ಮನೆಯ ಅಡಿಗೆ ಏನೇ ಇರಲಿ, ಪೇಟೆಯ ವ್ಯಾಪಾರಿ ಅವನಿಗೆ ಕುರ್ಚಿ ಹಾಕುತ್ತಾನೆ. ಕೆಂಪು ಬಟ್ಟೆಯ ಲಾಮಾ ಬಂದರೆ ಎದ್ದು ನಿಲ್ಲುತ್ತಾನೆ. ಸಿದ್ದಿಯನ್ನು ಏಣಿ ಒಳಗೆ ಎಳಕೊಂಡಿತು, ಕೆಳಗಿನ ಮೆಟ್ಟಿಲಿಗೆ. ಅಂಗಳದಲ್ಲಿ ಊಟ, ಬೇರೆ ಲೋಟ, ತಲೆಗೂದಲ ಬಗ್ಗೆ ಕುಚೋದ್ಯ. ಕನ್ನಡ ಮಾತಾಡುವ ಸಿದ್ದಿ ಹುಡುಗನನ್ನು ಬೆಂಗಳೂರಿನಲ್ಲಿ “ಯಾವ ದೇಶ?” ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ.

ಆದರೆ ಕಾಗದದ ಮೇಲೆ ಪರಿಸ್ಥಿತಿ ತಿರುವುಮುರುವಾಗಿದೆ. ಸಿದ್ದಿ ಈ ದೇಶದ ಪ್ರಜೆ, ಅವನಿಗೆ ಓಟಿದೆ. ಟಿಬೆಟನ್ನನಿಗೆ ಇರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ಅವನು ಉಳುವ ಎಕರೆ ಅವನ ಹೆಸರಿಗಿಲ್ಲ, ಮಾರುವಂತಿಲ್ಲ. 2014ರ ಪುನರ್ವಸತಿ ನೀತಿ ಹೇಳಿದ್ದೂ ಗುತ್ತಿಗೆಯ ಮಾತನ್ನೇ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಈ ದೇಶದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು ಎಂಬುದು ಕಾನೂನಿನಲ್ಲಿ ಇದ್ದೇ ಇತ್ತು. ಅದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ಹೇಳಿಸಿಕೊಳ್ಳಲು ಒಬ್ಬ ಹೆಣ್ಣುಮಗಳು ದಿಲ್ಲಿ ಹೈಕೋರ್ಟಿಗೆ ಹೋಗಬೇಕಾಯಿತು. ತೀರ್ಪು ಬಂದದ್ದು 2010ರಲ್ಲಿ. ಬಹಳ ಜನ ನಾಗರಿಕತ್ವ ಕೇಳುವುದೂ ಇಲ್ಲ. ಕೇಳಿದರೆ ತಿರುಗಿ ಹೋಗುವ ಆಸೆ ಬಿಟ್ಟಂತೆ ಎಂಬ ಸಂಕಟ ಅವರದು. ಒಬ್ಬನಿಗೆ ನೆಲವಿದೆ, ದೇಶವಿಲ್ಲ. ಇನ್ನೊಬ್ಬನಿಗೆ ದೇಶವಿದೆ, ನೆಲವಿಲ್ಲ.

ಸಿದ್ದಿಯ ಓಟಿಗೆ ಏನು ಸಿಕ್ಕಿತು? ಎಂಬತ್ತರ ದಶಕದಲ್ಲಿ ಮೂರೂ ಧರ್ಮದ ಸಿದ್ದಿಗಳು ಕೂಡಿ ತಮ್ಮ ಸಂಘ ಕಟ್ಟಿಕೊಂಡು, ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳತೊಡಗಿದರು. ಆಗ ಸರಕಾರಕ್ಕೆ ಕಂಡದ್ದು ಅವರ ಕಾಲು ಮಾತ್ರ. ಆಫ್ರಿಕಾದ ರಕ್ತ, ಓಟ ಅದರಲ್ಲೇ ಇದೆ ಅಂತ 1987ರ ಸುಮಾರಿಗೆ ಕ್ರೀಡಾ ಪ್ರಾಧಿಕಾರ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿಗೆ ಒಯ್ದಿತು. ಪದಕಗಳೂ ಬಂದವು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು, ಓಡಿದವರಲ್ಲಿ ಎಷ್ಟೋ ಜನ ಮತ್ತೆ ಕೂಲಿಗೆ ತಿರುಗಿದರು. ಪಂಗಡದ ಪಟ್ಟಿಗೆ ಹೆಸರು ಸೇರಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಯವರದು ಮಾತ್ರ. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಭೆಗೆ ಕಾಲಿಟ್ಟ ಮೊದಲ ಸಿದ್ದಿ.

ಪಟ್ಟಿಯ ಈ ಗೆರೆ ಬರೀ ಶಾಲೆಯ ಸೀಟಿನ ಗೆರೆಯಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಏನು ಹೇಳುತ್ತದೆ ನೋಡಿ. ಪರಿಶಿಷ್ಟ ಪಂಗಡದವನಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಅರಣ್ಯಭೂಮಿಯಲ್ಲಿ ಇದ್ದುದನ್ನು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಯಾದರೆ 75 ವರ್ಷದ ವಾಸಕ್ಕೆ ಪುರಾವೆ ತರಬೇಕು. ಅಂದರೆ ಹಳಿಯಾಳದ ಸಿದ್ದಿಗೆ ಒಂದು ನ್ಯಾಯ, ಗಡಿ ದಾಟಿದರೆ ಕಲಘಟಗಿಯಲ್ಲಿರುವ ಅವನ ಸೋದರಮಾವನಿಗೆ 2020ರವರೆಗೆ ಇನ್ನೊಂದು ನ್ಯಾಯ. ಅಡಗಿ ಬದುಕಿದವನಿಗೆ, ದಂಡದ ರಸೀದಿಯ ಹೊರತು ಸರಕಾರದ ಬೇರೆ ಕಾಗದ ನೋಡದವನಿಗೆ 75 ವರ್ಷದ ಪುರಾವೆ! ನಮ್ಮ ಶಿಕ್ಷಕ ಗೆಳೆಯರು ಗಮನಿಸಬೇಕು: ಆ ಹಳೆಯ ದಂಡದ ರಸೀದಿಗಳೇ ಇವತ್ತು ಪುರಾವೆಯಾಗುತ್ತವೆ. ಯಾರ ಮನೆಯ ತಗಡಿನ ಪೆಟ್ಟಿಗೆಯಲ್ಲಿದ್ದರೂ ಇಲಿ ತಿನ್ನುವ ಮೊದಲು ತೆಗೆಸಿ, ಪ್ರತಿ ಮಾಡಿಸಿ.

ಕ್ಯಾಂಪಿನ ಹುಡುಗರು ಈಗ ಊರಲ್ಲಿ ನಿಲ್ಲುತ್ತಿಲ್ಲ. ಅಮೆರಿಕ 1990ರ ತನ್ನ ವಲಸೆ ಕಾಯಿದೆಯಲ್ಲಿ ಭಾರತ ನೇಪಾಳದ ಒಂದು ಸಾವಿರ ಟಿಬೆಟನ್ನರಿಗೆ ಬಾಗಿಲು ತೆರೆದಂದಿನಿಂದ ಒಬ್ಬರ ಹಿಂದೆ ಒಬ್ಬರು ಹೊರಟಿದ್ದಾರೆ. ಮನೆಗಳಲ್ಲಿ ಮುದುಕರು ಉಳಿದಿದ್ದಾರೆ, ಅವರ ಹೊಲದಲ್ಲಿ ಸುತ್ತಲಿನ ಹಳ್ಳಿಗಳ ಭೂಹೀನರು ಕೂಲಿ ಮಾಡುತ್ತಾರೆ. ಸಿದ್ದಿ ಹುಡುಗರೂ ಊರು ಬಿಡುತ್ತಿದ್ದಾರೆ. ಅವರು ಹತ್ತುವುದು ವಿಮಾನವನ್ನಲ್ಲ, ಗೋವೆಯ ಬಸ್ಸನ್ನು. ಹುಡುಗರಿಗೆ ಕಟ್ಟಡದ ಕೆಲಸ, ಹುಡುಗಿಯರಿಗೆ ಮನೆಗೆಲಸ. ಮುತ್ತಜ್ಜ ಓಡಿ ಬಂದ ಘಟ್ಟವನ್ನೇ ಟಿಕೆಟು ತೆಗೆದುಕೊಂಡು ಇಳಿಯುತ್ತಾರೆ, ಮಳೆ ಹಿಡಿಯುವ ಮುಂಚೆ ಗದ್ದೆ ಕೆಲಸಕ್ಕೆ ತಿರುಗಿ ಬರುತ್ತಾರೆ. ಆ ಗದ್ದೆಯ ಅರ್ಜಿ ಇನ್ನೂ ಕಚೇರಿಯಲ್ಲಿದೆ.