ಗ್ರಾಮೀಣ ಕುಡಿಯುವ ನೀರಿನ ವಿತರಣೆ: ವಿನ್ಯಾಸ ಮಾನದಂಡ

ಊರಿನ ಮನೆಮನೆಗೆ ನೀರು ಮುಟ್ಟಿಸುವ ಟ್ಯಾಂಕು, ಪೈಪು, ವಾಲ್ವುಗಳ ಅಳತೆಯನ್ನೂ ನೀರಿನ ಗುಣಮಟ್ಟವನ್ನೂ ಗೊತ್ತುಮಾಡುವ ನಿಯಮಗಳು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ಒಳಚರಂಡಿಯಿರುವ ಪಟ್ಟಣಕ್ಕೆ ಕೇಂದ್ರದ 1999ರ ಕೈಪಿಡಿ ಹೇಳಿದ್ದು 135. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ರೈಲ್ವೆ ಜಂಕ್ಷನ್ ಚಿಕ್ಕಜಾಜೂರಿನಂಥ ಊರುಗಳು ಹಳ್ಳಿಯ ಲೆಕ್ಕಕ್ಕೂ ಪೇಟೆಯ ಬಳಕೆಗೂ ನಡುವೆ ಸಿಕ್ಕಿಕೊಳ್ಳುತ್ತವೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರಮಾಣದಷ್ಟೇ ಗುಣಮಟ್ಟವೂ ತಲೆನೋವು. ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕ 10500ರಂತೆ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹ್ಯ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಇಂಗಿದಷ್ಟೂ ಗಾಢವಾಗುತ್ತದೆ. ಚಿತ್ರದುರ್ಗ ನಗರವಂತೂ ಹಿರಿಯೂರಿನ ವಾಣಿವಿಲಾಸ ಸಾಗರ, ಚನ್ನಗಿರಿಯ ಶಾಂತಿಸಾಗರಗಳ ನೀರನ್ನು ನೆಚ್ಚಿಕೊಂಡಿದೆ.

1999ರ ಆ ಕೈಪಿಡಿಯ ಪ್ರಕಾರ ಒಂದಂತಸ್ತಿನ ಮನೆಗಳಿರುವ ಬೀದಿಯಲ್ಲಿ 7 ಮೀಟರ್ ಎತ್ತರಕ್ಕೆ ನೀರು ಏರುವಷ್ಟು ಒತ್ತಡ ಉಳಿದಿರಬೇಕಿತ್ತು. ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಇರಬೇಕು. ಕಾಗದದ ಮೇಲೆ ಇದು ಸಲೀಸು. ನೀರುಗಂಟಿ ಉದ್ದನೆಯ ಕೀಲಿ ಹಿಡಿದು ಬೀದಿಗೊಂದು ಹೊತ್ತು ವಾಲ್ವ್ ತಿರುಗಿಸುವ ಊರಲ್ಲಿ, ನೀರು ನಿಂತೊಡನೆ ಬರಿದಾದ ಪೈಪು ಸೋರುವ ಜೋಡಣೆಯಿಂದ ಚರಂಡಿ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಕುಡಿಯುವ ನೀರಿನ ಪೈಪು ಚರಂಡಿಯಿಂದ 3 ಮೀಟರ್ ದೂರವಿರಬೇಕೆಂಬ ನಿಯಮ ಅದಕ್ಕೇ.